ಬ್ಲೀಡಿಂಗ್ ನಿಂತರೆ ಅಪಾಯ ಮುಗೀತಾ?

ಪ್ರಶ್ನೆ: ಡಾಕ್ಟ್ರೇ, ಬಡ ದೇಶಗಳಲ್ಲಿ ಗರ್ಭಪಾತದಿಂದ ತುಂಬಾ ಹೆಂಗಸರು ಸಾಯುತ್ತಾರೆ ಅಂತ ಓದಿದೆ. ಅಬಾರ್ಷನ್ ಅಷ್ಟು ಅಪಾಯದ್ದಾ?

ಉತ್ತರ: ಸರಿಯಾಗಿ ಮಾಡಿದರೆ ಅಲ್ಲ. ತರಬೇತಿ ಪಡೆದವರು, ಎಷ್ಟು ವಾರ ಆಗಿದೆ ಅಂತ ನೋಡಿ ಮಾಡಿದರೆ ಜೀವಕ್ಕೆ ಅಪಾಯ ತೀರಾ ಕಡಿಮೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ವರ್ಷಕ್ಕೆ ಆಗುವ ಸುಮಾರು 7.3 ಕೋಟಿ ಗರ್ಭಪಾತಗಳಲ್ಲಿ ಶೇ. 45ರಷ್ಟು ಅಸುರಕ್ಷಿತ. ಈ ಅಸುರಕ್ಷಿತ ಗರ್ಭಪಾತಗಳಲ್ಲಿ ಶೇ. 97 ಅಭಿವೃದ್ಧಿಶೀಲ ದೇಶಗಳಲ್ಲೇ ಆಗುತ್ತವೆ.

ಪ್ರಶ್ನೆ: ಹಾಗೆ ಅಸುರಕ್ಷಿತವಾಗಿ ಮಾಡಿಸಿಕೊಂಡರೆ ಒಳಗೆ ಏನಾಗುತ್ತದೆ? ಬ್ಲೀಡಿಂಗ್ ನಿಂತರೆ ಸರಿಹೋಯ್ತು ಅಂತಲ್ವಾ?

ಉತ್ತರ: ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಕೆಲವು ಕಡೆ ಕಡ್ಡಿ, ಬೇರು, ತಂತಿ ಒಳಗೆ ತೂರಿಸುತ್ತಾರೆ. ಬಸುರಿಯ ಗರ್ಭಕೋಶ ಮೆತ್ತಗಿರುತ್ತದೆ, ಸುಲಭವಾಗಿ ತೂತಾಗುತ್ತದೆ. ಕಡ್ಡಿ ಅದನ್ನೂ ದಾಟಿದರೆ ಕರುಳಿಗೇ ಗಾಯ. ಇನ್ನು ಗರ್ಭದ ಚೂರು ಒಳಗೇ ಉಳಿದರೆ ಗರ್ಭಕೋಶ ಸರಿಯಾಗಿ ಬಿಗಿಯುವುದಿಲ್ಲ, ರಕ್ತ ಹೋಗುತ್ತಲೇ ಇರುತ್ತದೆ. ಉಳಿದ ಚೂರಿಗೆ ಸೋಂಕು ತಗುಲಿದರೆ ನಂಜು ರಕ್ತಕ್ಕೆ ಏರುತ್ತದೆ. ಇದಕ್ಕೆ ಹೊರಗೆ ರಕ್ತ ಕಾಣಲೇಬೇಕು ಅಂತಿಲ್ಲ. ಸುಮ್ನೆ ಜ್ವರ, ಚಳಿ, ಕೆಟ್ಟ ವಾಸನೆಯ ಸ್ರಾವದಿಂದ ಶುರುವಾಗಬಹುದು. ಬದುಕಿ ಉಳಿದವರಲ್ಲೂ ಕೆಲವರಿಗೆ ಗರ್ಭನಾಳ ಮುಚ್ಚಿಕೊಂಡು ಮುಂದೆ ಮಕ್ಕಳಾಗುವುದಿಲ್ಲ.

ಒಂದು ಗಂಟೆಗೆ ಎರಡು ದೊಡ್ಡ ಪ್ಯಾಡ್ ಪೂರ್ತಿ ನೆನೆದು, ಮರುಗಂಟೆಯೂ ಹಾಗೇ ಆದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಜ್ವರ, ತಡೆಯಲಾರದ ಹೊಟ್ಟೆನೋವು, ತಲೆಸುತ್ತಿ ಬೀಳುವುದು, ಇವುಗಳಲ್ಲಿ ಒಂದಿದ್ದರೂ ಅಷ್ಟೇ. ಬೆಳಗಾಗಲಿ ಅಂತ ಕಾಯಬೇಡಿ.

ಇನ್ನೊಬ್ಬರ ಪ್ರಶ್ನೆ: ಕಾನೂನು ಬಿಗಿ ಮಾಡಿದರೆ ಇದೆಲ್ಲ ನಿಲ್ಲಲ್ವಾ ಮೇಡಂ?

ಉತ್ತರ: ಇಲ್ಲ. ಕದ್ದು ಮಾಡಿಸಿಕೊಳ್ಳುವುದು ಜಾಸ್ತಿಯಾಗುತ್ತದೆ, ಅಷ್ಟೇ. ದಕ್ಷಿಣ ಆಫ್ರಿಕಾ ನೋಡಿ. ಅಲ್ಲಿ 1997ರಲ್ಲಿ ಹೊಸ ಕಾನೂನು ಜಾರಿಗೆ ಬಂದು ಆಸ್ಪತ್ರೆಯಲ್ಲೇ ಮಾಡಿಸಿಕೊಳ್ಳುವ ದಾರಿಯಾಯಿತು. ಕೆಲವೇ ವರ್ಷಗಳಲ್ಲಿ ಗರ್ಭಪಾತದ ಸಾವುಗಳು ಶೇ. 90ರಷ್ಟು ಇಳಿದವು.

ಪ್ರಶ್ನೆ: ಆಸ್ಪತ್ರೆಗೆ ಹೋದರೆ ಬೈತಾರೆ, ಪೊಲೀಸರಿಗೆ ಹೇಳ್ತಾರೆ ಅನ್ನೋ ಭಯ ಇರುತ್ತಲ್ಲ?

ಉತ್ತರ: ಇರುತ್ತದೆ, ಮತ್ತೆ ಆ ಭಯದಲ್ಲಿ ತಡಮಾಡಿದ್ದಕ್ಕೇ ಎಷ್ಟೋ ಜೀವ ಹೋಗಿವೆ. ಬೈಯುವವರೂ ಇದ್ದಾರೆ, ಸುಳ್ಳು ಹೇಳಲಾರೆ. ಆದರೆ ಕಾನೂನು ಏನೇ ಇರಲಿ, ಹೀಗೆ ಬಂದವರಿಗೆ ಚಿಕಿತ್ಸೆ ಕೊಡಲೇಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮಗೆ ಬೇಕಾದದ್ದು ಇಷ್ಟೇ: ಎಷ್ಟು ತಿಂಗಳಾಗಿತ್ತು, ಯಾವ ಮಾತ್ರೆ ನುಂಗಿದಿರಿ, ಒಳಗೆ ಏನಾದರೂ ಹಾಕಿದ್ದರಾ, ಯಾವತ್ತು. ಮಾತ್ರೆಯ ಖಾಲಿ ಪಟ್ಟಿ ಇದ್ದರೆ ತನ್ನಿ. ಮಾಡಿದವರ ಹೆಸರು ಚಿಕಿತ್ಸೆಗೆ ಬೇಕಿಲ್ಲ.