ಪುಟ್ಟಿಯ ಅಭಿನಂದನಾ ಪತ್ರದಲ್ಲಿ ಖೋ-ಖೋ ಕೂಡ ಇರಲಿ

ಎಲ್ಲರಿಗೂ ನಮಸ್ಕಾರ. ಭಾನುವಾರ ನಮ್ಮ ಮನೆಯ ತಾರಸಿಯ ಮೇಲೆ ಪುಟ್ಟಿಗೆ ಮಾಡಲಿರುವ ಸನ್ಮಾನದ ಅಭಿನಂದನಾ ಪತ್ರದ ಕರಡನ್ನು ರಾಜಾಜಿನಗರದ ಅಣ್ಣ ನಿನ್ನೆ ರಾತ್ರಿ ಗುಂಪಿಗೆ ಹಾಕಿದ್ದಾರೆ. ಎಂಟನೆಯ ತರಗತಿಯಿಂದ ಹತ್ತನೆಯವರೆಗೆ ಉದ್ದಜಿಗಿತದಲ್ಲಿ ಅವಳು ಗೆದ್ದ ಪದಕಗಳೆಲ್ಲ ಅದರಲ್ಲಿ ಸಾಲಾಗಿ ಬಂದಿವೆ. ಖೋ-ಖೋಗೆ ಮಾತ್ರ ‘ಇತರ ಆಟಗಳಲ್ಲಿಯೂ ಆಸಕ್ತಿ’ ಎಂಬಷ್ಟೇ ಜಾಗ ಸಿಕ್ಕಿದೆ. ಆ ಒಂದು ಸಾಲಿನ ಬಗ್ಗೆಯೇ ನಾನು ಸ್ವಲ್ಪ ದೀರ್ಘವಾಗಿ ಮಾತನಾಡುತ್ತೇನೆ, ದಯವಿಟ್ಟು ಪೂರ್ತಿ ಕೇಳಿಸಿಕೊಳ್ಳಿ.

ಮೂರು ವರ್ಷ ಬೆಳಗಿನ ಐದೂವರೆಗೆ ಹನುಮಂತನಗರದಿಂದ ಕಂಠೀರವ ಕ್ರೀಡಾಂಗಣಕ್ಕೆ ಅವಳನ್ನು ಸ್ಕೂಟರಿನಲ್ಲಿ ಕರೆದುಕೊಂಡು ಹೋದವಳು ನಾನಾದ್ದರಿಂದ, ಉದ್ದಜಿಗಿತಕ್ಕೆ ಅವಳು ಪಟ್ಟ ಶ್ರಮವನ್ನು ನಾನು ಎಂದೂ ಕಡಿಮೆ ಮಾಡಿ ಹೇಳಲಾರೆ. ನೆಗೆಯುವ ಹಲಗೆಯ ಅಗಲ ಕೇವಲ 20 ಸೆಂಟಿಮೀಟರ್. ಓಡಿ ಬಂದ ಕಾಲು ಅದರ ಅಂಚನ್ನು ಸ್ವಲ್ಪ ದಾಟಿದರೂ ಫೌಲ್. ಹಲಗೆಯಿಂದ ಹಿಂದಕ್ಕೆ ಹಿಮ್ಮಡಿಗೆ ಬೆರಳು ತಾಗಿಸಿ ಪಾದಗಳನ್ನು ಎಣಿಸುತ್ತ ಹೋಗಿ, ಓಟ ಶುರುಮಾಡುವ ಜಾಗಕ್ಕೆ ಟೇಪಿನ ತುಂಡು ಅಂಟಿಸುವ ಕೆಲಸವನ್ನು ಅವಳು ಬೇರೆ ಯಾರಿಗೂ ಬಿಡುತ್ತಿರಲಿಲ್ಲ. 2003ರಲ್ಲಿ ಪ್ಯಾರಿಸ್ಸಿನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅಂಜು ಬಾಬಿ ಜಾರ್ಜ್ 6.70 ಮೀಟರ್ ಜಿಗಿದು ಕಂಚು ಗೆದ್ದರೆಂದು ಕೇಳಿದ ದಿನ, ನಡುಮನೆಯಿಂದ ಅಡುಗೆಮನೆಯವರೆಗೆ ಅಷ್ಟೇ ದೂರ ಅಳೆದು ಅವಳು ಎಳೆದ ಸೀಮೆಸುಣ್ಣದ ಗೆರೆಯನ್ನು ನಾನು ಇಂದಿಗೂ ಒರೆಸಿಲ್ಲ.

ಆದರೆ ಖೋ-ಖೋದಲ್ಲಿ ಅವಳು ಮಾಡಿದ್ದು ಪದಕದ ಪಟ್ಟಿಯಲ್ಲಿ ಕಾಣುವಂಥದ್ದಲ್ಲ. ಎಂಟು ಮಂದಿ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಮುಖ ಮಾಡಿ ಸಾಲಾಗಿ ಕುಳಿತಿರುತ್ತಾರೆ, ಒಂಬತ್ತನೆಯವಳು ಬೆನ್ನಟ್ಟುತ್ತಾಳೆ. ಒಮ್ಮೆ ಹಿಡಿದ ದಿಕ್ಕನ್ನು ಅವಳು ಬದಲಿಸುವಂತಿಲ್ಲ, ನಡುವಿನ ಗೆರೆಯನ್ನು ದಾಟುವಂತಿಲ್ಲ. ಆದ್ದರಿಂದ ಯಾರ ಬೆನ್ನು ಮುಟ್ಟಿ ಯಾವಾಗ ಖೋ ಕೊಡಬೇಕೆಂಬುದೇ ಆ ಆಟದ ಪ್ರಾಣ. ಹತ್ತನೆಯ ತರಗತಿಯ ಕೊನೆಯ ಪಂದ್ಯದಲ್ಲಿ, ಎದುರಾಳಿ ಕಂಬದ ಹತ್ತಿರ ತಪ್ಪಿಸಿಕೊಳ್ಳುತ್ತಿದ್ದಾಗ, ಕೈ ಚಾಚಿದರೆ ಸಿಗಬಹುದೆಂಬ ಆಸೆಗೆ ಬೀಳದೆ ಪುಟ್ಟಿ ಮಂಡಿಯೂರಿ ಕುಳಿತಿದ್ದ ಗೆಳತಿಗೆ ಖೋ ಕೊಟ್ಟಳು. ಆ ಹುಡುಗಿ ಎದ್ದವಳೇ ಎರಡು ಹೆಜ್ಜೆಯಲ್ಲಿ ಮುಟ್ಟಿಬಿಟ್ಟಳು. ಅಂಕಪಟ್ಟಿಯಲ್ಲಿ ಔಟ್ ಮಾಡಿದವಳ ಸಂಖ್ಯೆ ಬರೆಯುತ್ತಾರೆಯೇ ಹೊರತು ಖೋ ಕೊಟ್ಟವಳದ್ದಲ್ಲ. ಅಣ್ಣ, ಆ ಪಂದ್ಯವನ್ನು ನೀವು ನೋಡಿದ್ದರೆ ಕರಡನ್ನು ಹೀಗೆ ಬರೆಯುತ್ತಿರಲಿಲ್ಲ ಎಂದು ನನಗೆ ನಂಬಿಕೆಯಿದೆ.

ಎರಡು ದೋಣಿಯಲ್ಲಿ ಕಾಲಿಡಬೇಡ, ಒಂದನ್ನು ಬಿಡು ಎಂದು ಅವಳಿಗೆ ಹಲವರು ಹೇಳಿದರು. ಒಂಬತ್ತನೆಯ ತರಗತಿಯಲ್ಲಿ ಮೊಣಕೈ ತರಚಿಕೊಂಡು ಬಂದ ಸಂಜೆ ಅರಿಶಿನ ಹಚ್ಚುತ್ತ ನಾನೂ ಅದನ್ನೇ ಹೇಳಿದ್ದೆ, ಮತ್ತು ಆ ಮಾತಿಗೆ ಅವಳು ಉತ್ತರ ಕೊಡದೆ ಎದ್ದುಹೋದದ್ದು ನನ್ನ ಮನಸ್ಸಿನಲ್ಲಿ ಇಂದಿಗೂ ಇದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್‌ನಲ್ಲಿ ನಮ್ಮ ಮಹಿಳೆಯರು ಫೈನಲ್‌ನಲ್ಲಿ ನೇಪಾಳವನ್ನು 78-40ರಿಂದ ಸೋಲಿಸಿದಾಗ, ಆ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಚೈತ್ರಾ ಇದ್ದಾರೆಂದು ಪುಟ್ಟಿ ಮನೆಯವರನ್ನೆಲ್ಲ ಟಿವಿಯ ಮುಂದೆ ಕೂರಿಸಿದ್ದಳು. ಇಂಥ ಆಟವನ್ನು ‘ಇತರ’ ಎಂದು ಬರೆದ ಪತ್ರವನ್ನು ಅವಳ ಕೈಗೆ ಕೊಡಲು ನನಗೆ ಮನಸ್ಸಾಗುತ್ತಿಲ್ಲ.

ಆದಕಾರಣ ಪತ್ರದ ಮೊದಲ ವಾಕ್ಯದಲ್ಲಿಯೇ ಎರಡೂ ಆಟಗಳ ಹೆಸರು ಒಟ್ಟಿಗೆ ಬರಲಿ. ‘ಇನ್ನು ಆಟ ಸಾಕು, ಪಿಯುಸಿ ಕಡೆ ಗಮನ ಕೊಡು’ ಎಂಬ ಮಾತನ್ನು ಶಾಲು ಹೊದಿಸುವ ಹೊತ್ತಿನಲ್ಲಿ ಯಾರೂ ಆಡಬೇಡಿ. ಅವಳ ಜೊತೆ ಆಡಿದ ಎಂಟು ಹುಡುಗಿಯರನ್ನೂ ಊಟಕ್ಕೆ ಕರೆಯೋಣ. ನಾನೇ ಅವರ ಮನೆಗಳಿಗೆ ಹೋಗಿ ಹೇಳಿ ಬರುತ್ತೇನೆ. ಶಾಮಿಯಾನದವರಿಗೆ ಇಂದೇ ಫೋನ್ ಮಾಡಿ, ಮುಂದಿನ ಸಾಲಿನಲ್ಲಿ ಎಂಟು ಕುರ್ಚಿ ಹೆಚ್ಚು ಹಾಕಲು ಯಾರಾದರೂ ತಿಳಿಸಿ.