ಮಹಡಿ ರಾತ್ರಿಯೂ ಬಿಸಿಯಾಗೇ ಇರುತ್ತೆ, ಬೀದಿಗೆ ಯಾವ ಗಿಡ ಹಾಕೋಣ? ಅನುಭವ ಇರೋರು ಹೇಳಿ

ಕೇಳಿದವರು, ಹಾಸನ:
ನಮ್ಮದು ಹೊಸ ಬಡಾವಣೆ, 30 ಅಡಿ ರಸ್ತೆ, ಪಶ್ಚಿಮಕ್ಕೆ ಮುಖ ಮಾಡಿದ ಮನೆ. ಹಾಸನ ಅಂದ್ರೆ ಫ್ಯಾನ್ ಬೇಡದ ಊರು ಅಂತಿದ್ರು ನಮ್ಮಪ್ಪ. ಈಗ ಏಪ್ರಿಲ್‌ನಲ್ಲಿ ರಾತ್ರಿ ಹನ್ನೊಂದಾದರೂ ಮಹಡಿ ಗೋಡೆ ಮುಟ್ಟಿದರೆ ಬೆಚ್ಚಗಿರುತ್ತೆ. ಬೀದಿಯ 14 ಮನೆಯವರು ದುಡ್ಡು ಕೂಡಿಸಿದ್ದೇವೆ. ಮನೆಗೆರಡು ಗಿಡ, ಉಳಿದ ಜಾಗಕ್ಕೆಲ್ಲ ಇಂಟರ್‌ಲಾಕ್ ಟೈಲ್ಸ್ ಅಂತ ಮಾತಾಗಿದೆ. ಬೇಗ ನೆರಳು ಕೊಡೋ ಗಿಡ ಯಾವುದು?

ಹಾಸನದ ನಿವೃತ್ತರೊಬ್ಬರು:
ಗಿಡದ ಹೆಸರು ಆಮೇಲೆ ಹೇಳ್ತೀನಿ. ಟೈಲ್ಸ್‌ನವನಿಗೆ ಅಡ್ವಾನ್ಸ್ ಕೊಟ್ಟಿದ್ರೆ ಮೊದಲು ಅದನ್ನ ವಾಪಸ್ ಇಸ್ಕೊಳ್ಳಿ.

12 ವರ್ಷದ ಹಿಂದೆ ನಮ್ಮ ಬೀದಿಯಲ್ಲಿ 11 ಹೊಂಗೆ ನೆಟ್ಟೆವು. ಗುಂಡಿ ತೋಡಿದಾಗ ಸಿಕ್ಕಿದ್ದೆಲ್ಲ ಜಲ್ಲಿ, ಒಡೆದ ಇಟ್ಟಿಗೆ, ಗಟ್ಟಿಯಾದ ಸಿಮೆಂಟ್ ಚೀಲ. ಅದನ್ನೇ ವಾಪಸ್ ಮುಚ್ಚಿ ಮೇಲೊಂದು ಬುಟ್ಟಿ ಗೊಬ್ಬರ ಸುರಿದೆವು, ಅಲ್ಲೇ ತಪ್ಪಿದ್ದು. ಆದರೂ ಹೊಂಗೆ ಗಟ್ಟಿಜೀವ, ಹಿಡಿಯಿತು. ನಾಲ್ಕನೇ ವರ್ಷ ಕಾಂಡಕ್ಕೆ ತಾಗಿಸಿ ಟೈಲ್ಸ್ ಹಾಕಿಸಿದೆವು, ಬೀದಿ ಚೆನ್ನಾಗಿ ಕಾಣ್ತಿತ್ತು. ಎರಡು ಬೇಸಿಗೆ ಕಳೆಯೋದ್ರೊಳಗೆ ತುದಿ ಒಣಗೋಕೆ ಶುರು. ಈಗ ಉಳಿದಿರೋದು ಐದು. ಅದರಲ್ಲಿ ನಾಲ್ಕು ಮರ, ಟೈಲ್ಸ್ ಹಾಕಿದಾಗ ಎಷ್ಟೆತ್ತರ ಇದ್ದವೋ ಅಷ್ಟೇ ಇವೆ. ಐದನೆಯದು ಎದುರುಮನೆ ಅಜ್ಜಿಯದು. ಅವರು ಜಗಳ ಆಡಿ ಬುಡದಲ್ಲಿ ಮೂರಡಿ ಚೌಕ ಮಣ್ಣು ಬಿಡಿಸಿಕೊಂಡಿದ್ದರು. ಅಕ್ಕಿ ತೊಳೆದ ನೀರು, ಬಾಗಿಲು ಸಾರಿಸಿದ ನೀರು ಎಲ್ಲ ಅದಕ್ಕೇ. ಆಟೋದವರೆಲ್ಲ ಊಟಕ್ಕೆ ನಿಲ್ಲಿಸೋದು ಆ ಮರದ ಕೆಳಗೆ.

ಹೊಂಗೆಯನ್ನೇ ಹಾಕಿ. ಯುಗಾದಿ ಹೊತ್ತಿಗೆ ಹೊಸ ಎಲೆ ತುಂಬಿಕೊಳ್ಳುತ್ತೆ, ಬಿಸಿಲು ಜೋರಾದಾಗಲೇ ನೆರಳು ಸಿಗುತ್ತೆ. ಗುಲ್‌ಮೊಹರ್ ಬೇಡ. ನೆರಳು ಬೇಕಾದಾಗ ಬೋಳಾಗಿ ನಿಂತಿರುತ್ತೆ.

ಚಿಕ್ಕಮಗಳೂರಿನ ಭೌತಶಾಸ್ತ್ರ ಮೇಷ್ಟ್ರು:
ಅಜ್ಜಿ ಮಾಡಿದ್ದರ ಹಿಂದಿನ ಲೆಕ್ಕ ಹೇಳ್ತೀನಿ, ಬೇಜಾರಾದರೆ ದಾಟಿಸಿ. ಒಂದು ಲೀಟರ್ ನೀರು ಆವಿಯಾಗಲು ಹೀರುವ ಶಾಖ ಸುಮಾರು 0.68 ಯೂನಿಟ್ ಕರೆಂಟಿಗೆ ಸಮ. ಒಂದು ಟನ್ ಎಸಿ ಗಂಟೆಗೆ ಹೊರಹಾಕುವ ಶಾಖ 3.5 ಯೂನಿಟ್. ಅಂದರೆ ಮರದ ಎಲೆಗಳು ಐದು ಲೀಟರಿಗೆ ಸ್ವಲ್ಪ ಹೆಚ್ಚು ನೀರು ಬಿಟ್ಟರೆ ಒಂದು ಎಸಿಯ ಒಂದು ಗಂಟೆ ಕೆಲಸ ಆದ ಹಾಗೆ. ಬೀದಿ ಮುಚ್ಚಿದ ಕೋಣೆಯಲ್ಲ, ಗಾಳಿ ಆ ತಂಪನ್ನು ಹೊತ್ತೊಯ್ಯುತ್ತೆ, ಅದು ಬೇರೆ ಮಾತು. ಆದರೆ ಬೇರಿಗೆ ತೇವ ಸಿಗದಿದ್ದರೆ ಎಲೆ ತನ್ನ ಸಣ್ಣ ರಂಧ್ರಗಳನ್ನು ಮುಚ್ಚಿಕೊಳ್ಳುತ್ತೆ. ಆಗ ನೆರಳಿರುತ್ತೆ, ಈ ತಂಪು ಇರಲ್ಲ.

ಇನ್ನೊಂದು. ಏಪ್ರಿಲ್ 24-26ರ ಸುಮಾರಿಗೆ ನಮ್ಮ ಕಡೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಅಂಗಳದಲ್ಲೊಂದು ಕೋಲು ನೆಟ್ಟರೆ ನೆರಳೇ ಬೀಳಲ್ಲ. ಆಮೇಲೆ ಸೂರ್ಯ ಉತ್ತರಕ್ಕೆ ಸರಿಯುತ್ತಾನೆ. ಹಾಗಾಗಿ ದಕ್ಷಿಣದ ಗೋಡೆಗೆ ಮರ ನೆಟ್ಟರೆ ಮೇ ತಿಂಗಳಲ್ಲಿ ಏನೂ ಪ್ರಯೋಜನವಿಲ್ಲ. ನಿಮ್ಮ ಮನೆ ಕಾಯುವುದು ಚಾವಣಿಯಿಂದ ಮತ್ತು ಪಶ್ಚಿಮದ ಗೋಡೆಯಿಂದ. ಹಗಲು ಕುಡಿದ ಬಿಸಿಯನ್ನು ಕಾಂಕ್ರೀಟು, ಡಾಂಬರು ರಾತ್ರಿ ಬಿಡ್ತಾ ಕೂರುತ್ತವೆ.

ಸಕಲೇಶಪುರದ ಬೆಳೆಗಾರ:
ಕಾಫಿ ತೋಟದಲ್ಲಿ ನಾವು ದರಗು, ಅಂದ್ರೆ ಉದುರಿದ ಒಣ ಎಲೆ, ಗುಡಿಸಲ್ಲ, ಪೇಟೆಯವರು ಗುಡಿಸಿ ಬೆಂಕಿ ಹಚ್ತೀರಿ. ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತೆ. ಫೆಬ್ರವರಿಯಲ್ಲಿ ಉದುರೋ ಎಲೆಯೇ ಮಾರ್ಚ್, ಏಪ್ರಿಲ್‌ಗೆ ಮಣ್ಣಿನ ಹೊದಿಕೆ. ಕಾಫಿ ಹೂ ಅರಳಿಸೋ ಹೂಮಳೆ ತಡವಾದ ವರ್ಷ ದರಗು ಸರಿಸಿ ಕೈ ಇಟ್ಟು ನೋಡಿ, ಕೆಳಗೆ ತಣ್ಣಗಿರುತ್ತೆ. ಪಕ್ಕದ ಬರಿ ಮಣ್ಣಿನ ದಾರಿಯಲ್ಲಿ ಬರಿಗಾಲಿಡೋಕಾಗಲ್ಲ.

ಗಿಡಕ್ಕೆ ಮೂರಡಿ ಉದ್ದ, ಅಗಲ, ಆಳ ತೋಡಿ, ಜಲ್ಲಿ ಹೊರಗೆ ಹಾಕಿ ಹೊರಗಿನ ಕೆಂಪು ಮಣ್ಣು, ಕೊಳೆತ ಕೊಟ್ಟಿಗೆ ಗೊಬ್ಬರ ತುಂಬಿ. ಅರಸೀಕೆರೆ ಕಡೆ ತೆಂಗಿನ ನಾರಿನ ಪುಡಿ ಸಿಕ್ಕಿದರೆ ಸ್ವಲ್ಪ ಸೇರಿಸಿ, ತೇವ ಹಿಡಿಯುತ್ತೆ. ಎರಡು ಗಿಡಗಳ ನಡುವೆ ನಮ್ಮ ತೋಟದಲ್ಲಿ ನೀರಿಂಗಿಸೋಕೆ ತೆಗೆಯೋ ತೊಟ್ಟಿಲು ಗುಂಡಿ ಥರ ಉದ್ದಕ್ಕೆ ಸಣ್ಣ ಗುಂಡಿ ತೆಗೆದು ಎಲೆ ತುಂಬಿ. ಚರಂಡಿಗೆ ಓಡೋ ಮಳೆನೀರು ಅಲ್ಲೇ ಇಂಗಲಿ. ಬುಡದ ಮೇಲೆ ಕಾರು ಹತ್ತಿಸಬೇಡಿ, ಮಣ್ಣು ಹಲಗೆಯಾದರೆ ನೀರೂ ಇಳಿಯಲ್ಲ, ಬೇರೂ ಹೋಗಲ್ಲ. ಎಲೆ ಹೊದಿಸುವಾಗ ಕಾಂಡದಿಂದ ಒಂದು ಗೇಣು ಬಿಡಿ, ಇಲ್ಲದಿದ್ದರೆ ಗೆದ್ದಲು.

ಹಾಸನದ ಗೃಹಿಣಿ:
ಎಲ್ಲರೂ ಮರ ಮರ ಅಂತೀರಿ, ತಂತಿ ಯಾರೂ ನೋಡ್ತಿಲ್ಲ. ನಮ್ಮ ಮನೆ ಮುಂದೆ ಎಂಟು ವರ್ಷ ಸಾಕಿದ ಮರದ ತಲೆಯನ್ನ ತಂತಿಗೆ ತಾಗುತ್ತೆ ಅಂತ ಒಂದೇ ಬೆಳಿಗ್ಗೆ ಬೋಳಿಸಿ ಹೋದರು. ಕಂಬದ ಸಾಲಿಗೆ ಸೀಬೆ, ಪಾರಿಜಾತ ಸಾಕು. ಬೇಗ ನೆರಳು ಬೇಕು ಅಂತ ಗಸಗಸೆ ಹಣ್ಣಿನ ಮರ ಹಾಕಿದ್ದೆ. ಎರಡೇ ವರ್ಷಕ್ಕೆ ಕೊಡೆ ಹಿಡಿದ ಹಾಗಾಯ್ತು, ಐದನೇ ವರ್ಷದ ಮಳೆಗಾಳಿಗೆ ಸ್ಕೂಟರ್ ಮೇಲೆ ಮಲಗಿತು. ಜಾಗ ನೋಡಿ ನೆಡಿ, ಆಮೇಲೆ ಬೇಡ ಅನಿಸಿದರೂ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಹೆಚ್ಚಿನ ಮರಗಳನ್ನ ಅನುಮತಿ ಇಲ್ಲದೆ ಕಡಿಯೋ ಹಾಗಿಲ್ಲ.

ಮರ ಮಹಡಿ ಮುಟ್ಟೋವರೆಗೆ ನಿದ್ದೆ ಕೆಡಬೇಕಾ? ಯುಗಾದಿಗೆ ಗೋಡೆಗೆ ಬಳಿಯೋ ಸುಣ್ಣವನ್ನ ತಾರಸಿಗೂ ಬಳಿಸಿ. ನಾನು ಪ್ರತಿ ವರ್ಷ ಬಳಿಸ್ತೀನಿ, ಮಳೆಗೆ ತೊಳೆದು ಹೋಗುತ್ತೆ, ಹೋಗಲಿ. ಕುಂಡಗಳು ಕಣ್ಣಿಗೆ ಚೆಂದ, ನಲವತ್ತು ಇಟ್ಟಿದೀನಿ, ಕೋಣೆ ಮಾತ್ರ ತಣ್ಣಗಾಗಲಿಲ್ಲ.

ಕೇಳಿದವರು, ಹಾಸನ:
ಭಾನುವಾರ ಬೀದಿಯವರು ಕೂತು ಮಾತಾಡಿದೆವು. 28 ಗಿಡ ಇದ್ದದ್ದು 14ಕ್ಕಿಳಿಯಿತು, ಉಳಿದ ದುಡ್ಡು ಗುಂಡಿಗೆ, ಮಣ್ಣಿಗೆ. ಕಂಬವಿಲ್ಲದ ಸಾಲಿಗೆ ಹೊಂಗೆ, ಕಂಬದ ಸಾಲಿಗೆ ಸೀಬೆ. ಟೈಲ್ಸ್ ಓಡಾಡೋ ಮೂರಡಿಗೆ ಮಾತ್ರ. ಕೊನೆಮನೆಯವರು ಒಪ್ಪಲಿಲ್ಲ, ಕಾರಿಗೆ ಪೂರ್ತಿ ಟೈಲ್ಸೇ ಬೇಕಂತೆ. ಮುಂಗಾರು ಹಿಡಿದ ಮೇಲೆ ನೆಡ್ತೀವಿ. ಕಾಫಿ ಸಿಪ್ಪೆ ಹೊದಿಸಬಹುದಾ ಅಣ್ಣ?

ಸಕಲೇಶಪುರದ ಬೆಳೆಗಾರ:
ಹಸೀದು ಬೇಡ, ಕೊಳೆಯೋ ಕಾವಿಗೆ ಎಳೇ ಬೇರು ಸುಟ್ಟೀತು. ನಮ್ಮಲ್ಲಿ ಹೋದ ವರ್ಷದ್ದು ಕೊಳೆತು ಕಪ್ಪಾಗಿದೆ. ಜೂನ್‌ನಲ್ಲಿ ಹಾಸನಕ್ಕೆ ಬರೋದಿದೆ, ನಾಲ್ಕು ಚೀಲ ಜೀಪಿಗೆ ಹಾಕ್ಕೊಂಡು ಬರ್ತೀನಿ. ಖಾಲಿ ಚೀಲ ಮಾತ್ರ ವಾಪಸ್ ಕೊಡಿ.