ಚಿಕ್ಕಪ್ಪ ಕಳಿಸಿದ ಕೊರಿಯಾ ಪಟ

ನಿನ್ನೆ ರಾತ್ರಿ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಮಂಡ್ಯದ ಚಿಕ್ಕಪ್ಪ ಒಂದು ಪಟ ಕಳಿಸಿದರು. ಒಂದು ಕಡೆ ದಕ್ಷಿಣ ಕೊರಿಯಾ, ಸಿಂಗಾಪುರ. ಇನ್ನೊಂದು ಕಡೆ ಉತ್ತರ ಕೊರಿಯಾ. ಕೆಳಗೆ ದಪ್ಪಕ್ಷರದಲ್ಲಿ, 'ಸರ್ಕಾರ ಸುಮ್ಮನಿದ್ದ ದೇಶ ಉದ್ಧಾರ ಆಯಿತು, ಕೈ ಹಾಕಿದ ದೇಶ ಹಾಳಾಯಿತು. ಹತ್ತು ಜನಕ್ಕೆ ಕಳಿಸಿ.'

ಎರಡೇ ನಿಮಿಷದಲ್ಲಿ ಆರು ಹೆಬ್ಬೆರಳು ಬಿದ್ದವು.

'ಇದಕ್ಕೆ ಆಧಾರ ಏನು ಚಿಕ್ಕಪ್ಪ?' ಅಂತ ಕೇಳಿದೆ.

'ಬಂದರು ನೋಡಿ, ಮೈಸೂರಿನ ತನಿಖಾಧಿಕಾರಿ' ಎಂದರು ಭಾವ.

ಚಿಕ್ಕಪ್ಪ ಬರೆದರು: '1981ರಲ್ಲಿ ಮನೆ ಕಟ್ಟುವಾಗ ಸಿಮೆಂಟಿಗೂ ಪರ್ಮಿಟ್ ಬೇಕಿತ್ತು. ಎಷ್ಟು ಅಲೆದಿದ್ದೀನಿ ಗೊತ್ತಾ? ಅದೇ ಆಧಾರ.'

ಆ ಅಲೆದಾಟ ನಿಜ. ಅವರ ಚಪ್ಪಲಿ ಸವೆದ ಕಥೆ ಕೇಳಿಕೊಂಡೇ ನಾವು ಬೆಳೆದೆವು. ಅದಕ್ಕೇ ಸಮಾಧಾನದಿಂದ ಬರೆದೆ:

'ಲೈಸೆನ್ಸ್ ಕಾಟ ತೊಲಗಿದ್ದು ಒಳ್ಳೆಯದೇ. 1991ರಲ್ಲಿ ನಮ್ಮ ಹತ್ತಿರ ಎರಡು ಮೂರು ವಾರದ ಆಮದಿಗೆ ಸಾಲುವಷ್ಟೇ ಡಾಲರ್ ಇತ್ತು. ಚಿನ್ನ ಅಡ ಇಟ್ಟೆವು. ಮಾರುಕಟ್ಟೆಯ ಬಾಗಿಲು ತೆರೆದ ಮೇಲೆ ಚೇತರಿಸಿಕೊಂಡೆವು. ಆದರೆ ದಕ್ಷಿಣ ಕೊರಿಯಾ ಸರ್ಕಾರ ಸುಮ್ಮನೆ ಕೂತಿರಲಿಲ್ಲ. 1962ರಿಂದ ಅಲ್ಲೂ ಪಂಚವಾರ್ಷಿಕ ಯೋಜನೆ ಇತ್ತು. ಬ್ಯಾಂಕುಗಳು ಸರ್ಕಾರದ ಹಿಡಿತದಲ್ಲಿದ್ದವು. ರಫ್ತು ಮಾಡಿ ತೋರಿಸಿದವರಿಗೆ ಅಗ್ಗದ ಸಾಲ ಸಿಗುತ್ತಿತ್ತು. 1968ರಲ್ಲಿ ಪೋಸ್ಕೋ ಉಕ್ಕಿನ ಕಂಪನಿ ಕಟ್ಟಿದ್ದೂ ಸರ್ಕಾರವೇ. ಸಿಂಗಾಪುರದಲ್ಲಿ 100ಕ್ಕೆ ಸುಮಾರು 80 ಜನ ಇರುವುದು ಸರ್ಕಾರ ಕಟ್ಟಿಸಿದ ಮನೆಗಳಲ್ಲಿ. ರಷ್ಯಾ 1992ರಲ್ಲಿ ಹೆಚ್ಚಿನ ಬೆಲೆಗಳ ಹಿಡಿತವನ್ನು ಒಂದೇ ಏಟಿಗೆ ಬಿಟ್ಟಿತು. ಆ ಒಂದೇ ವರ್ಷದಲ್ಲಿ ಬೆಲೆ 20 ಪಟ್ಟಿಗಿಂತ ಜಾಸ್ತಿ ಏರಿತು.'

'ಇಷ್ಟುದ್ದ ಯಾರು ಓದ್ತಾರೆ?' ಎಂದರು ದೊಡ್ಡಪ್ಪ. 'ದೇಶ ಬೆಳೆಯೋದು ದುಡಿಮೆಯಿಂದ. ಈಗಿನ ಹುಡುಗರು ಎಂಟಕ್ಕೆ ಮುಂಚೆ ಏಳ್ತಾರಾ?'

ಅಷ್ಟರಲ್ಲಿ ಅತ್ತೆಯ ಮಗ ತಾತನ ಯೆಜ್ಡಿ ಬೈಕಿನ ಫೋಟೋ ಹಾಕಿದ. 'ನಮ್ಮ ಮೈಸೂರಲ್ಲೇ ಮಾಡಿದ್ದು!' ಮುಗೀತು. ಕಿಕ್ಕರ್ರೇ ಗೇರ್ ಆಗುತ್ತಿದ್ದದ್ದು, ಮೂವರು ಕೂತು ಚಾಮುಂಡಿ ಬೆಟ್ಟ ಹತ್ತಿದ್ದು, ಆ ಡುಗು ಡುಗು ಸದ್ದು. ಇಪ್ಪತ್ತು ಮೆಸೇಜು ಬಂದವು.

'ಆ ಕಾರ್ಖಾನೆ 1996ರಲ್ಲಿ ಮುಚ್ಚಿತಲ್ಲ, ಅದೂ ನಿಮ್ಮ ಮಾರುಕಟ್ಟೆಯದೇ ಕೆಲಸ ಅಲ್ವಾ?' ಅಂತ ಅತ್ತಿಗೆ ಕೇಳಿದರು.

ಇಡೀ ರಾತ್ರಿಯಲ್ಲಿ ಬಂದ ಒಳ್ಳೆಯ ಪ್ರಶ್ನೆ ಅದೇ. 80ರ ದಶಕದಲ್ಲಿ ಜಪಾನಿನವರ ಜೊತೆ ಸೇರಿ ಮಾಡಿದ, ಪೆಟ್ರೋಲ್ ಕಡಿಮೆ ಕುಡಿಯುವ ಬೈಕುಗಳು ಬಂದವು. ಕೊಳ್ಳುವವರಿಗೆ ಲಾಭ ಆಯಿತು. ಕಾರ್ಖಾನೆ ನಿಂತಾಗ ಮೈಸೂರಿನ ಎಷ್ಟೋ ಮನೆಗಳಲ್ಲಿ ಸಂಬಳವೂ ನಿಂತಿತು. ಎರಡನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆ ಪಟದಲ್ಲಿ ಇಂಥ ಲೆಕ್ಕಕ್ಕೆ ಜಾಗವೇ ಇಲ್ಲ. ಇದನ್ನೇ ಟೈಪ್ ಮಾಡುತ್ತಿದ್ದೆ.

ಚಿಕ್ಕಪ್ಪನ ಮೆಸೇಜು ಬಂತು. 'ನಿಮ್ಮಪ್ಪನಿಗೆ ಒಂದನೇ ತಾರೀಖು ಸಂಬಳ ಬರ್ತಿತ್ತು. ಗದ್ದೆ ನೋಡಿಕೊಂಡವನು ನಾನು. ಪಾಲು ಕೇಳೋಕೆ ಮಾತ್ರ ಬಂದ್ರಿ.'

ಆಮೇಲೆ ಯಾರೂ ಕೊರಿಯಾ ಸುದ್ದಿ ಎತ್ತಲಿಲ್ಲ. ಅಮ್ಮ ಪಕ್ಕದ ಕೋಣೆಯಿಂದ ಬಂದು, 'ಫೋನ್ ಇಡು' ಅಂದಳು. ಬರೆದದ್ದನ್ನು ಅಳಿಸಿದೆ.

ಆಧಾರ ಕೇಳಿದ ನನ್ನ ಪ್ರಶ್ನೆ ಆ ಬೈಕಿನ ಮಾತುಗಳ ಮೇಲೆ ಎಲ್ಲೋ ಉಳಿದಿದೆ. ಭಾನುವಾರ ಮಂಡ್ಯಕ್ಕೆ ಹೋಗುತ್ತಿದ್ದೇನೆ. ಎದುರಿಗೇ ಕೂತು ಕೇಳುತ್ತೇನೆ.